ಬೆಳ್ಳಿಯ ಕಣ ಬೆರೆಸುವ ಮುನ್ನ ಬೆಳಕನ್ನು ಅಳೆಯಬೇಕು

ಕಲಬುರಗಿಯ ಒಂದು ಡೆಂಟಲ್ ಲ್ಯಾಬ್‌ನಲ್ಲಿ ಹಲ್ಲಿನ ಸೆಟ್ಟು, ತಾತ್ಕಾಲಿಕ ಕ್ರೌನ್ ಮತ್ತು ಸರ್ಜಿಕಲ್ ಗೈಡ್‌ಗಳನ್ನು (ಶಸ್ತ್ರಚಿಕಿತ್ಸೆಯಲ್ಲಿ ಕೊರೆಯುವ ಜಾಗ ತೋರುವ ರಂಧ್ರವುಳ್ಳ ಅಚ್ಚು) ತ್ರೀಡಿ ಪ್ರಿಂಟರ್‌ನಲ್ಲಿ ತಯಾರಿಸುವುದು ನನ್ನ ಉದ್ಯೋಗ. ಅದರ ಜೊತೆಗೆ, ದಂತವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಶೋಧನೆಗಾಗಿ ಬೆಳಕು ತಾಗಿದರೆ ಗಟ್ಟಿಯಾಗುವ ರೆಸಿನ್ ಎಂಬ ದ್ರವಕ್ಕೆ ನ್ಯಾನೋಕಣಗಳನ್ನು ಬೆರೆಸಿ, ಪರೀಕ್ಷೆಗೆ ಬೇಕಾದ ಮಾದರಿ ಪಟ್ಟಿಗಳನ್ನೂ ಮುದ್ರಿಸಿಕೊಡುತ್ತೇನೆ. ಕಣವು ಬಲವನ್ನು ಹೆಚ್ಚಿಸುತ್ತದೆಯೇ, ಶಿಲೀಂಧ್ರವನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗಳೊಂದಿಗೆ ಅವರು ಬರುತ್ತಾರೆ. ಅವುಗಳಿಗಿಂತ ಮೊದಲು ಆ ಕಣವು ಬೆಳಕನ್ನು ಏನು ಮಾಡುತ್ತದೆ ಎಂದು ಕೇಳಬೇಕೆಂಬುದು ಈ ಕೆಲಸವು ನನಗೆ ಕಲಿಸಿದ ಪಾಠ.

ನಮ್ಮ ಪ್ರಿಂಟರ್ 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಬೆಳಕನ್ನು ಬಳಸುತ್ತದೆ. ಮೆಥಾಕ್ರಿಲೇಟ್ ರೆಸಿನ್‌ನಲ್ಲಿರುವ ಟಿಪಿಒ ಎಂಬ ಪ್ರಚೋದಕವು ಆ ಬೆಳಕನ್ನು ಹೀರಿಕೊಂಡು ಒಡೆದಾಗ ಸರಪಳಿ ಕ್ರಿಯೆ ಆರಂಭವಾಗಿ, ದ್ರವವು ಪದರ ಪದರವಾಗಿ ಗಟ್ಟಿಯಾಗುತ್ತದೆ. ಸೆಟ್ಟಿನ ಅಡಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯದಿರಲಿ ಎಂದು ಹೆಚ್ಚಿನವರು ಮೊದಲು ಕೇಳುವುದು ಬೆಳ್ಳಿಯನ್ನು. ಆದರೆ ಗುಂಡಾದ ಸಣ್ಣ ಬೆಳ್ಳಿ ಕಣಗಳು ಬೆಳಕನ್ನು ಅತಿ ಹೆಚ್ಚು ಹೀರುವುದು 400 ನ್ಯಾನೋಮೀಟರ್‌ನ ಆಸುಪಾಸಿನಲ್ಲಿಯೇ. ಅಂದರೆ ಪ್ರಚೋದಕಕ್ಕೆ ಸಲ್ಲಬೇಕಾದ ಬೆಳಕಿನಲ್ಲಿ ಅವು ನೇರವಾಗಿ ಪಾಲು ಪಡೆಯುತ್ತವೆ. ರುಟೈಲ್ ರೂಪದ ಟೈಟಾನಿಯಂ ಡೈಆಕ್ಸೈಡ್ ಕೂಡ ಈ ಬೆಳಕನ್ನು ಹೀರುತ್ತದೆ. ಜಿರ್ಕೋನಿಯಾ ಹೀರುವುದಿಲ್ಲವಾದರೂ, ಅದರ ವಕ್ರೀಭವನ ಸೂಚ್ಯಂಕವು (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 2ಕ್ಕಿಂತ ಹೆಚ್ಚಾಗಿದ್ದು ರೆಸಿನ್‌ನದು ಸುಮಾರು 1.5 ಇರುವುದರಿಂದ, ಬೆಳಕನ್ನು ಅಕ್ಕಪಕ್ಕಕ್ಕೆ ಚದುರಿಸುತ್ತದೆ. ಸಿಲಿಕಾದ ಸೂಚ್ಯಂಕ ಸುಮಾರು 1.46; ಮುದ್ರಣದ ಮಟ್ಟಿಗೆ ಅದರಷ್ಟು ಸೌಮ್ಯವಾದ ಕಣವನ್ನು ನಾನು ಬಳಸಿಲ್ಲ.

ಹಲ್ಲಿನ ಕುಳಿ ತುಂಬುವ ಕಾಂಪೋಸಿಟ್‌ನಲ್ಲಿ ಇಂಥದೇ ಕಣಗಳು ಯಶಸ್ವಿಯಾಗಿವೆಯಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲಿ ಸಾಮಾನ್ಯವಾಗಿ ಬಳಸುವ ಪ್ರಚೋದಕವಾದ ಕ್ಯಾಂಫರ್‌ಕ್ವಿನೋನ್ 470 ನ್ಯಾನೋಮೀಟರ್‌ಗೆ ಹತ್ತಿರದ ನೀಲಿ ಬೆಳಕಿಗೆ ಸ್ಪಂದಿಸುತ್ತದೆ. ಆ ಫಲಿತಾಂಶವನ್ನು ಹಾಗೆಯೇ ಪ್ರಿಂಟರ್‌ಗೆ ಅನ್ವಯಿಸಲಾಗದು.

ಬೆಳಕು ಸಾಲದಿದ್ದರೆ ಪ್ರತಿ ಪದರಕ್ಕೂ ಸಮಯ ಹೆಚ್ಚಿಸೋಣ ಎಂಬ ಸಲಹೆ ಸಹಜವಾಗಿ ಬರುತ್ತದೆ. ಆದರೆ ಗಟ್ಟಿಯಾಗುವ ಆಳವು ಬೆಳಕಿನ ಪ್ರಮಾಣದ ಲಾಗರಿದಂಗೆ ಅನುಗುಣವಾಗಿ ಏರುತ್ತದೆ. ಸಮಯವನ್ನು ಎರಡು ಪಟ್ಟು ಮಾಡಿದರೆ ಆಳವೂ ಎರಡು ಪಟ್ಟಾಗುವುದಿಲ್ಲ. ಆ ರೆಸಿನ್‌ನಲ್ಲಿ ಬೆಳಕು ಇಳಿಯುವ ವಿಶಿಷ್ಟ ಆಳದ 0.69 ಭಾಗ ಮಾತ್ರ ಹೆಚ್ಚಾಗುತ್ತದೆ. ಅದೇ ವೇಳೆಗೆ ಚದುರಿದ ಬೆಳಕು ಅಂಚುಗಳನ್ನು ದಪ್ಪ ಮಾಡುತ್ತದೆ, ಸರ್ಜಿಕಲ್ ಗೈಡ್‌ನ ರಂಧ್ರ ಕಿರಿದಾಗುತ್ತದೆ. ಆದ್ದರಿಂದ ಹೊಸ ಮಿಶ್ರಣ ಬಂದಾಗಲೆಲ್ಲ ನಾನು ಅದರ ಕೆಲವು ಹನಿಗಳನ್ನು ಗಾಜಿನ ಸ್ಲೈಡ್ ಮೇಲೆ ಹಾಕಿ, ಬೇರೆ ಬೇರೆ ಸೆಕೆಂಡುಗಳಷ್ಟು ಬೆಳಕು ಕೊಟ್ಟು, ಗಟ್ಟಿಯಾದ ಪೊರೆಯ ದಪ್ಪವನ್ನು ಮೈಕ್ರೋಮೀಟರ್‌ನಿಂದ ಅಳೆದು ನಕ್ಷೆ ಬರೆಯುತ್ತೇನೆ. 50 ಮೈಕ್ರಾನ್ ಪದರಕ್ಕೆ ಅದಕ್ಕಿಂತ ಸಾಕಷ್ಟು ಹೆಚ್ಚಿನ ಆಳ ಸಿಗದಿದ್ದರೆ ಪದರಗಳು ಒಂದಕ್ಕೊಂದು ಬೆಸೆಯುವುದಿಲ್ಲ, ಹಾಗಾಗಿ ಮುದ್ರಣವನ್ನು ಆರಂಭಿಸುವುದೇ ಇಲ್ಲ.

ಬೆರೆಸುವ ಕ್ರಮಕ್ಕೂ ಇಷ್ಟೇ ಕಾಳಜಿ ಬೇಕು. ಅಂಬಲಿ ಕಾಯಿಸುವಾಗ ಜೋಳದ ಹಿಟ್ಟನ್ನು ಒಮ್ಮೆಗೇ ಸುರಿದರೆ ಗಂಟು ಕಟ್ಟುವಂತೆ, ನ್ಯಾನೋಪುಡಿಯೂ ರೆಸಿನ್‌ನಲ್ಲಿ ಗಂಟು ಕಟ್ಟುತ್ತದೆ. ಸಿಲಿಕಾ ಮತ್ತು ಜಿರ್ಕೋನಿಯಾಗಳಿಗೆ ಮೆಥಾಕ್ರಿಲೇಟ್ ಗುಂಪುಳ್ಳ ಸಿಲೇನ್ ಎಂಬ ಬೆಸೆಯುವ ರಾಸಾಯನಿಕದ ಲೇಪ ಕೊಟ್ಟರೆ ಕಣಗಳು ರೆಸಿನ್‌ನೊಂದಿಗೆ ಹೊಂದಿಕೊಳ್ಳುತ್ತವೆ. ಹಾಗಿದ್ದರೂ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಶ್ರವಣಾತೀತ ಕಂಪನ ಕೊಡುವಾಗ ಪಾತ್ರೆಯನ್ನು ಮಂಜುಗಡ್ಡೆಯಲ್ಲಿ ಇಡಬೇಕಾಗುತ್ತದೆ, ಏಕೆಂದರೆ ಬಿಸಿಯೇ ರೆಸಿನ್ ಅನ್ನು ಗಟ್ಟಿ ಮಾಡಬಲ್ಲದು. ಗಂಟಿನ ವ್ಯಾಸ ಹತ್ತು ಪಟ್ಟಾದರೆ ಅದು ತಳಕ್ಕೆ ಇಳಿಯುವ ವೇಗ ನೂರು ಪಟ್ಟಾಗುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟಿ ರೆಸಿನ್ ತೆಳುವಾದಾಗ ಈ ಇಳಿತ ಇನ್ನೂ ತ್ವರಿತವಾಗುವುದರಿಂದ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಜಿರ್ಕೋನಿಯಾ ಮಿಶ್ರಣವನ್ನು ಹವಾನಿಯಂತ್ರಿತ ಕೋಣೆಯ ಹೊರಗೆ ಮುದ್ರಿಸಲು ನಾನು ಒಪ್ಪುವುದಿಲ್ಲ.

ಉಳಿದ ಗಂಟುಗಳೇ ಬಿರುಕಿನ ಮೂಲವಾಗುತ್ತವೆ. ಕಣದ ಪ್ರಮಾಣ ಹೆಚ್ಚಿದಂತೆ ಬಲವು ಒಂದು ಹಂತದವರೆಗೆ ಏರಿ ಮತ್ತೆ ಕುಸಿಯಲು ಇದೂ ಒಂದು ಕಾರಣ. ಸೆಟ್ಟಿನ ತಳಭಾಗದ ರೆಸಿನ್‌ಗೆ ಐಎಸ್‌ಒ 20795-1 ಮಾನದಂಡವು 65 ಮೆಗಾಪ್ಯಾಸ್ಕಲ್ ಬಾಗುಬಲವನ್ನು ಕೇಳುತ್ತದೆ, ಅದೂ ಪಟ್ಟಿಯನ್ನು 37 ಡಿಗ್ರಿ ನೀರಿನಲ್ಲಿ 50 ಗಂಟೆ ಇಟ್ಟ ಬಳಿಕ. ಒಣಗಿದ ಪಟ್ಟಿಯನ್ನು ಮುರಿದು ಪಡೆದ ಅಂಕಿಗೆ ಬಾಯಿಯೊಳಗಿನ ಬಳಕೆಯ ದೃಷ್ಟಿಯಿಂದ ಬೆಲೆ ಕಡಿಮೆ.

ಜೀವಕೋಶ ಪರೀಕ್ಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ. ಐಎಸ್‌ಒ 10993-5 ಪ್ರಕಾರ ಕೋಶಗಳ ಜೀವಂತಿಕೆ ಶೇ. 30ಕ್ಕಿಂತ ಹೆಚ್ಚು ಕುಸಿದರೆ ವಸ್ತುವನ್ನು ಕೋಶವಿಷಕಾರಿ ಎಂದು ಪರಿಗಣಿಸುತ್ತಾರೆ. ಬೆಳ್ಳಿ ಬೆರೆಸಿದ ಪಟ್ಟಿ ಹೀಗೆ ವಿಫಲವಾದಾಗ ದೋಷವನ್ನು ಬೆಳ್ಳಿಗೇ ಹೊರಿಸುವುದು ರೂಢಿ. ಆದರೆ ಬೆಳ್ಳಿಯು ಬೆಳಕನ್ನು ತಡೆದದ್ದರಿಂದ ಒಳಗೆ ಉಳಿದ ಕ್ರಿಯೆಗೊಳ್ಳದ ಮೊನೊಮರ್ (ಸರಪಳಿಗೆ ಸೇರದೆ ಉಳಿದ ರೆಸಿನ್‌ನ ಬಿಡಿ ಅಣು) ಸೋರಿ ಬಂದು ಕೋಶಗಳನ್ನು ಕೊಂದಿರಬಹುದು. ಇವೆರಡನ್ನೂ ಬೇರ್ಪಡಿಸದೆ ಬರೆದ ತೀರ್ಮಾನ ರೋಗಿಗೂ ಮುಂದಿನ ಸಂಶೋಧಕರಿಗೂ ದಾರಿ ತಪ್ಪಿಸುತ್ತದೆ. ಹಾಗಾಗಿ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು, ಮತ್ತೊಮ್ಮೆ ಬೆಳಕಿನಲ್ಲಿ ಗಟ್ಟಿ ಮಾಡಿದ ಮೇಲೆ, ಒಂದನ್ನು ಎಫ್‌ಟಿಐಆರ್ ಎಂಬ ಅವಗೆಂಪು ಬೆಳಕಿನ ಪರೀಕ್ಷೆಗೆ ಕಳುಹಿಸಿ, ಕ್ರಿಯೆಗೊಳ್ಳದ ದ್ವಿಬಂಧಗಳನ್ನು ತೋರುವ 1637 ಸೆಂ.ಮೀ⁻¹ ಶಿಖರ ಎಷ್ಟು ಇಳಿದಿದೆ ಎಂದು ನೋಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕಣ ಬೆರೆಸದ ರೆಸಿನ್‌ನಷ್ಟೇ ಮೊನೊಮರ್ ಪರಿವರ್ತನೆ ಅದರಲ್ಲಿ ಕಂಡುಬಂದರೆ ಮಾತ್ರ ಉಳಿದ ಪಟ್ಟಿಗಳು ಜೀವಕೋಶ ಪರೀಕ್ಷೆಗೆ ಹೋಗುತ್ತವೆ.