ಕೈ ಎಂದರೆ ಎಲ್ಲಿಂದ ಎಲ್ಲಿವರೆಗೆ? ಅಮೆರಿಕದ ಅನಾಟಮಿ ತರಗತಿಗೆ ಹೊರಟ ಕೊಡಗಿನವರಿಗೆ

ಕಕ್ಕಡ ತಿಂಗಳು ಮುಗಿದು ಮಳೆ ಒಂದಿಷ್ಟು ಬಿಡುವು ಕೊಡುವ ಹೊತ್ತಿಗೆ, ಅಂದರೆ ಆಗಸ್ಟ್ ತಿಂಗಳ ಕೊನೆಗೆ, ಅಮೆರಿಕದ ಕಾಲೇಜುಗಳಲ್ಲಿ ಹೊಸ ಸೆಮಿಸ್ಟರ್ ಶುರು. ನರ್ಸಿಂಗ್, ಫಿಸಿಯೋಥೆರಪಿ, ಎಕ್ಸ್‌ರೇ ತಂತ್ರಜ್ಞಾನ, ಯಾವ ದಾರಿ ಹಿಡಿದು ಬಂದರೂ ಮೊದಲು ದಾಟಬೇಕಾದ ಹೊಳೆ ಒಂದೇ. ಅದರ ಹೆಸರು ಅನಾಟಮಿ ಅಂಡ್ ಫಿಸಿಯಾಲಜಿ, ಅಂದರೆ ದೇಹದ ರಚನೆ ಮತ್ತು ಕೆಲಸದ ಪಾಠ. ಇಲ್ಲಿ ಅಮೆರಿಕದವರ ಬಾಯಲ್ಲಿ ‘ಎ ಅಂಡ್ ಪಿ’. ಹೆಚ್ಚಿನ ಕಡೆ ಇದು ಎರಡು ಸೆಮಿಸ್ಟರಿನ ಪಾಠ, ಒಂದೊಂದಕ್ಕೆ 4 ಕ್ರೆಡಿಟ್, ವಾರಕ್ಕೆ ಸುಮಾರು 3 ಗಂಟೆ ಪಾಠ, 2-3 ಗಂಟೆ ಲ್ಯಾಬ್. ಮೊದಲರ್ಧದಲ್ಲಿ ಜೀವಕೋಶ, ಅಂಗಾಂಶ, ಚರ್ಮ, ಮೂಳೆ, ಸ್ನಾಯು, ನರಮಂಡಲ. ಎರಡನೆಯದರಲ್ಲಿ ಹಾರ್ಮೋನು, ರಕ್ತ, ಹೃದಯ, ಉಸಿರಾಟ, ಜೀರ್ಣಕ್ರಿಯೆ, ಮೂತ್ರಪಿಂಡ, ಸಂತಾನೋತ್ಪತ್ತಿ. ನರ್ಸಿಂಗ್ ಅರ್ಜಿಗೆ ಸಾಮಾನ್ಯವಾಗಿ ಕನಿಷ್ಠ ‘ಸಿ’ ದರ್ಜೆ ಕೇಳುತ್ತಾರೆ, ಆದರೆ ಸ್ಪರ್ಧೆ ಇರುವಲ್ಲಿ ‘ಸಿ’ ಹಿಡಿದುಕೊಂಡು ಹೋದರೆ ಸೀಟು ಸಿಗುವುದಿಲ್ಲ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ವಿಷಯ ಅಷ್ಟೇನೂ ಹೊಸತಲ್ಲ. ಎಡವುವುದು ಬೇರೆ ಕಡೆ: ಕನ್ನಡದ ಮಾತು ದೇಹವನ್ನು ಭಾಗ ಮಾಡುವ ರೀತಿಗೂ ಲ್ಯಾಬಿನ ರೀತಿಗೂ ಹೊಂದುವುದಿಲ್ಲ.

‘ಕೈ’ ಎನ್ನುತ್ತೇವೆ. ಭುಜದಿಂದ ಬೆರಳ ತುದಿವರೆಗೆ ಎಲ್ಲವೂ ಕೈಯೇ. ಇಲ್ಲಿ ‘ಆರ್ಮ್’ ಎಂದರೆ ಭುಜದಿಂದ ಮೊಣಕೈವರೆಗಿನ ತೋಳು ಮಾತ್ರ, ಅಲ್ಲಿಂದ ಮಣಿಕಟ್ಟಿನವರೆಗೆ ‘ಫೋರ್‌ಆರ್ಮ್’, ಆಮೇಲೆ ‘ಹ್ಯಾಂಡ್’. ‘ಲೆಗ್’ ಎಂದರೆ ಮೊಣಕಾಲಿನಿಂದ ಹಿಮ್ಮಡಿ ಕೀಲಿನವರೆಗೆ ಅಷ್ಟೇ, ತೊಡೆ ಅದರಲ್ಲಿ ಸೇರುವುದಿಲ್ಲ. ಲೆಗ್‌ನ ಮೂಳೆ ಯಾವುದು ಎಂದು ಕೇಳಿದಾಗ ಫೀಮರ್ (ತೊಡೆಮೂಳೆ) ಎಂದು ಬರೆದು ಅಂಕ ಕಳೆದುಕೊಳ್ಳುವುದು ಹೀಗೆ. ಉತ್ತರ ಟಿಬಿಯಾ ಮತ್ತು ಫಿಬುಲಾ. ‘ಹೊಟ್ಟೆ’ ಕೂಡ ಹಾಗೆಯೇ. ಹೊಟ್ಟೆ ನೋವು ಎಂದರೆ ಉದರದ ನೋವೋ, ಜಠರದ ನೋವೋ?

ಎಲ್ಲಕ್ಕಿಂತ ದೊಡ್ಡ ಬಲೆ ‘ನರ’. ಕೈಯ ನರ ಉಬ್ಬಿದೆ ಎಂದಾಗ ಅದು ಅಭಿಧಮನಿ (ವೇಯ್ನ್). ನರ ಎಳೆದ ಹಾಗಾಗಿದೆ ಎಂದರೆ ಬಹುಪಾಲು ಸ್ನಾಯು ಅಥವಾ ಅದನ್ನು ಮೂಳೆಗೆ ಕಟ್ಟುವ ಕಂಡರ (ಟೆಂಡನ್). ನರ ದೌರ್ಬಲ್ಯ ಎಂದಾಗ ಮಾತ್ರ ನಿಜವಾದ ನರದ ಮಾತು. ಲ್ಯಾಬಿನಲ್ಲಿ ಈ ಮೂರೂ ಒಂದೇ ಮುಂಗೈಯಲ್ಲಿ ಪಕ್ಕಪಕ್ಕ ಇರುತ್ತವೆ, ಒಂದೊಂದಕ್ಕೆ ಒಂದೊಂದು ಪಿನ್. ಪ್ಲಾಸ್ಟಿಕ್ ಮಾದರಿಯಲ್ಲಿ ಅಪಧಮನಿಗೆ (ಆರ್ಟರಿ) ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ ಬಳಿದಿರುತ್ತಾರೆ. ದೇಹಕ್ಕೆ ಹಾಗೆ ಯಾರೂ ಬಣ್ಣ ಬಳಿದಿಲ್ಲ. ಗುರುತು ಹಿಡಿಯಬೇಕಾದದ್ದು ಮುಟ್ಟಿ. ಪ್ರೋಬ್ ಎಂಬ ಕಡ್ಡಿಯಿಂದ ಮೆಲ್ಲನೆ ಒತ್ತಿ: ಅಪಧಮನಿಯ ಗೋಡೆ ದಪ್ಪ, ಒತ್ತಿದರೂ ಮತ್ತೆ ದುಂಡಗಾಗುತ್ತದೆ. ಅಭಿಧಮನಿ ತೆಳು, ಚಪ್ಪಟೆಯಾಗಿ ಬಿದ್ದಿರುತ್ತದೆ. ನರ ಟೊಳ್ಳಲ್ಲ, ಮಾಸಲು ಬಿಳಿ ದಾರದ ಹಾಗೆ, ಮುಂದೆ ಹೋದಂತೆ ಕವಲೊಡೆಯುತ್ತದೆ. ಕಂಡರಕ್ಕೆ ಬೆಳ್ಳಿಯ ಹೊಳಪು. ಹಿಂದಕ್ಕೆ ಹಿಡಿದುಕೊಂಡು ಹೋದರೆ ಸ್ನಾಯುವಿಗೆ ಸೇರುತ್ತದೆ. ಸಂಶಯ ಬಂದಾಗ ಎರಡೂ ತುದಿ ಎಲ್ಲಿ ಹೋಗುತ್ತವೆ ಎಂದು ನೋಡಿ, ಪಿನ್ ಚುಚ್ಚಿದ ಜಾಗವನ್ನಷ್ಟೇ ದಿಟ್ಟಿಸಬೇಡಿ.

ಎಡ-ಬಲದ್ದು ಇನ್ನೊಂದು ತಕರಾರು. ಎಡ ಎಂದರೆ ಆ ದೇಹದ ಎಡ, ನೋಡುವವರದಲ್ಲ. ದೇಹ ನೆಟ್ಟಗೆ ನಿಂತು, ಅಂಗೈ ಮುಂದಕ್ಕೆ ತಿರುಗಿಸಿಕೊಂಡಿದೆ ಎಂದು ಯಾವಾಗಲೂ ಊಹಿಸಬೇಕು. ಅಂಗೈ ಮುಂದಕ್ಕೇ ಯಾಕೆ ಎಂದರೆ ಆಗ ಮಾತ್ರ ಮುಂಗೈಯ ಎರಡು ಮೂಳೆ ಸಮಾನಾಂತರ. 1997ರಿಂದ ನಡೆಯುತ್ತಿರುವ ಕೊಡವ ಕೌಟುಂಬಿಕ ಹಾಕಿಯಲ್ಲಿ ಆಡಿದವರಿಗೆ ಇದನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ಚೆಂಡನ್ನು ಸ್ಟಿಕ್‌ನ ಆಚೀಚೆ ಹೊರಳಿಸುವಾಗ ಎಡ ಮುಂಗೈ ತಿರುಗುತ್ತದಲ್ಲ, ಆಗ ರೇಡಿಯಸ್ ಮೂಳೆ ಅಲ್ನಾದ ಮೇಲೆ ಅಡ್ಡ ಹೊರಳಿ ಮತ್ತೆ ವಾಪಸು ಬರುತ್ತದೆ. ಹೋಗುವುದು ಪ್ರೊನೇಶನ್, ಬರುವುದು ಸುಪಿನೇಶನ್.

ಪ್ರಾಕ್ಟಿಕಲ್ ಪರೀಕ್ಷೆ ನಮ್ಮ ಮೌಖಿಕ ವೈವಾದಂತಲ್ಲ. ಮೇಜುಗಳ ಮೇಲೆ ಮೂಳೆ, ಮಾದರಿ, ಸೂಕ್ಷ್ಮದರ್ಶಕ ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಮುಂದೆ ಸುಮಾರು ಒಂದು ನಿಮಿಷ, ಗಂಟೆ ಹೊಡೆದರೆ ಮುಂದಿನದಕ್ಕೆ. ಹೆಸರು, ಎಡವೋ ಬಲವೋ, ಕೆಲವೊಮ್ಮೆ ಕೆಲಸವೂ ಬೇಕು. ಸ್ಪೆಲಿಂಗ್ ತಪ್ಪಿದರೆ ಅಂಕ ಹೋಗುತ್ತದೆ, ಮತ್ತು ಅದರಲ್ಲಿ ಅನ್ಯಾಯವೇನೂ ಇಲ್ಲ. ಸೊಂಟದ ಮೂಳೆಯೂ ಇಲಿಯಮ್, ಸಣ್ಣ ಕರುಳಿನ ಕೊನೆಯ ಭಾಗವೂ ಇಲಿಯಮ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ನಡುವಿನ ಅಕ್ಷರ ‘ಐ’ ಆದರೆ ಮೂಳೆ, ‘ಇ’ ಆದರೆ ಕರುಳು. ಆದ್ದರಿಂದ ಕನ್ನಡ ಲಿಪಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುವವರು ಹೆಸರುಗಳನ್ನು ಮಾತ್ರ ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ಕೈಯಿಂದ ಬರೆಯಬೇಕು. ಒಂದೇ ಅಕ್ಷರಕ್ಕೆ ಅರ್ಥ ಬದಲಾಗುವುದರಲ್ಲಿ ನಮ್ಮ ಪಠ್ಯದ ಅಪಧಮನಿ, ಅಭಿಧಮನಿಗಳೇನು ಕಡಿಮೆಯೇ!

ಬೆನ್ನುಮೂಳೆಯ ಲೆಕ್ಕಕ್ಕೆ ಇಲ್ಲಿಯವರದೊಂದು ಉಪಾಯ ಇದೆ: 7ಕ್ಕೆ ತಿಂಡಿ, 12ಕ್ಕೆ ಊಟ, ಸಂಜೆ 5ಕ್ಕೆ ರಾತ್ರಿಯೂಟ. ಕತ್ತಿನಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 5. ನಮಗೆ 5 ಗಂಟೆ ಕಾಫಿಯ ಹೊತ್ತು, ಲೆಕ್ಕ ಮಾತ್ರ ತಪ್ಪುವುದಿಲ್ಲ. ಬಿಡಿ ಮೂಳೆ ಕೈಗೆ ಕೊಟ್ಟರೆ: ಅಕ್ಕಪಕ್ಕಕ್ಕೆ ಚಾಚಿದ ಎರಡೂ ರೆಕ್ಕೆಗಳಲ್ಲಿ ತೂತಿದ್ದರೆ ಕತ್ತಿನದು, ಪಕ್ಕೆಲುಬು ಕೂರುವ ನುಣುಪು ಗುಳಿ ಇದ್ದರೆ ಎದೆಯದು, ಎರಡೂ ಇಲ್ಲದೆ ದಪ್ಪಗಿದ್ದರೆ ಸೊಂಟದ್ದು.

ಹೊರಡುವ ಮೊದಲು ಊರಲ್ಲೇ ಮಾಡಬಹುದಾದ ಒಂದು ಅಭ್ಯಾಸವಿದೆ, ಅದಕ್ಕೆ ಕೊಡಗಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಹಂದಿಯ ಹೃದಯ ಗಾತ್ರದಲ್ಲೂ ರಚನೆಯಲ್ಲೂ ಮನುಷ್ಯರದಕ್ಕೆ ಬಹಳ ಹತ್ತಿರ. ಹಂದಿ ಮಾಂಸದ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಡಿ: ಸೀಳಬಾರದು, ಮೇಲಿನ ಕೊಳವೆಗಳನ್ನು ಕತ್ತರಿಸಬಾರದು. ಹೇಳದಿದ್ದರೆ ರಕ್ತ ಬಸಿಯಲೆಂದು ಸೀಳಿ, ಮೇಲಿನ ಕೋಣೆಗಳಾದ ಹೃತ್ಕರ್ಣಗಳನ್ನು ತೆಗೆದೇ ಕೊಡುತ್ತಾರೆ; ಆಗ ಅರ್ಧ ಪಾಠ ಅಂಗಡಿಯಲ್ಲೇ ಉಳಿಯಿತು. ಹಂದಿ ಮುಟ್ಟದ ಮನೆಯವರಿಗೆ ಕುರಿಯದು ಆದೀತು, ಸ್ವಲ್ಪ ಚಿಕ್ಕದು ಅಷ್ಟೇ. ಇಲ್ಲಿಯ ಲ್ಯಾಬುಗಳಲ್ಲೂ ಕುರಿ ಹೃದಯ ಸಾಮಾನ್ಯ.

ನಲ್ಲಿ ನೀರು ಬಿಟ್ಟು ಒಳಗಿನ ಹೆಪ್ಪುಗಳನ್ನು ತೊಳೆಯಿರಿ. ಎರಡೂ ಬದಿ ಬೆರಳಲ್ಲಿ ಒತ್ತಿ ನೋಡಿ: ಗಟ್ಟಿ ಇರುವುದು ಎಡ ಹೃತ್ಕುಕ್ಷಿ, ಅಂದರೆ ಎಡಗಡೆಯ ಕೆಳಗಿನ ಕೋಣೆ, ಅದರ ಗೋಡೆ ಬಲಕ್ಕಿಂತ ಸುಮಾರು 3 ಪಟ್ಟು ದಪ್ಪ. ಮೃದು ಬದಿಯಿಂದ ಮೇಲೆ ಹೊರಡುವ, ಎಲ್ಲಕ್ಕಿಂತ ಮುಂದಿರುವ ಕೊಳವೆ ಶ್ವಾಸಕೋಶಕ್ಕೆ ಹೋಗುವ ಪುಪ್ಪುಸ ಅಪಧಮನಿ. ಅದರ ಹಿಂದೆ ದಪ್ಪ ಗೋಡೆಯದ್ದು ಮಹಾಪಧಮನಿ. ಸಂಶಯವಿದ್ದರೆ ಕಡ್ಡಿ ಇಳಿಬಿಡಿ, ಮಹಾಪಧಮನಿಯ ಕಡ್ಡಿ ಗಟ್ಟಿ ಬದಿಗೇ ಇಳಿಯಬೇಕು. ಈಗ ಬಲ ಹೃತ್ಕರ್ಣದಿಂದ ಕೆಳತುದಿಯ ಕಡೆಗೆ ಹೊರ ಅಂಚಿನಲ್ಲಿ ಕತ್ತರಿಯಿಂದ ಸೀಳಿ, ಆಮೇಲೆ ಎಡಕ್ಕೂ ಹಾಗೆಯೇ. ಮಧ್ಯಕ್ಕೆ ಕತ್ತರಿ ಹಾಕಿದರೆ ಎರಡು ಕೋಣೆಗಳ ನಡುವಿನ ಗೋಡೆಯೇ ಹೋಗುತ್ತದೆ. ಮೊದಲ ಸಲ ಕೊಯ್ಯುವವರ ಸಾಮಾನ್ಯ ತಪ್ಪು ಇದು. ಬಲಗಡೆ ಮೂರು ಎಸಳಿನ ಕವಾಟ, ಎಡಗಡೆ ಎರಡು ಎಸಳಿನದು, ಎಸಳುಗಳನ್ನು ಹಿಡಿದ ಬಿಳಿ ತಂತುಗಳು ಕಾಣುತ್ತವೆ. ಮಹಾಪಧಮನಿಯೊಳಗೆ ಮೇಲಿಂದ ನೀರು ಹೊಯ್ದರೆ ಬುಡದ ಕವಾಟ ಮುಚ್ಚಿಕೊಂಡು ನೀರು ನಿಲ್ಲುತ್ತದೆ. ಆ ಕವಾಟದ ಸ್ವಲ್ಪ ಮೇಲೆ ಎರಡು ಸಣ್ಣ ತೂತು, ಹೃದಯಕ್ಕೇ ರಕ್ತ ಕೊಡುವ ಕರೋನರಿ ನಾಳಗಳ ಬಾಯಿ. ಮುಗಿದ ಮೇಲೆ ಅದು ಅಡುಗೆಮನೆಗೆ ಹೋದರೂ ನಷ್ಟವಿಲ್ಲ. ಇಲ್ಲಿಯ ಲ್ಯಾಬಿನದು ರಾಸಾಯನಿಕದಲ್ಲಿ ನೆಂದು ಬಿರುಸಾಗಿರುತ್ತದೆ, ಎಸಳುಗಳ ನಯ ಅದರಲ್ಲಿ ತಿಳಿಯುವುದಿಲ್ಲ.

ಮನುಷ್ಯರ ಶವ ಎಲ್ಲ ಕಾಲೇಜುಗಳಲ್ಲೂ ಇರುವುದಿಲ್ಲ. ಇದ್ದಲ್ಲಿ ಅವು ಹೆಚ್ಚಾಗಿ ದಾನವಾಗಿ ಬಂದವು; 1968ರಲ್ಲಿ ರೂಪಿಸಿದ ಮಾದರಿ ಕಾನೂನನ್ನು ರಾಜ್ಯಗಳು ಒಪ್ಪಿಕೊಂಡ ಮೇಲೆ ದೇಹದಾನಕ್ಕೆ ದಾರಿ ಸುಗಮವಾಯಿತು. ಫೋನ್ ಹೊರಗೆ, ಫೋಟೊ ತೆಗೆದರೆ ಕೋರ್ಸಿನಿಂದಲೇ ಹೊರಗೆ ಹಾಕಿಯಾರು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮಂಡಿ ಬಿಗಿಹಿಡಿದು ನಿಲ್ಲಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಕನ್ನಡಕ ಹಾಕಿ. ಶವ ಕೆಡದಂತೆ ಬಳಸುವ ಫಾರ್ಮಾಲಿನ್ ವಾಸನೆಗೆ ಕಣ್ಣಲ್ಲಿ ನೀರು ಬಂದರೆ ಅದು ಧೈರ್ಯದ ಪ್ರಶ್ನೆಯಲ್ಲ.

ಫಿಸಿಯಾಲಜಿ ಬೇರೆಯೇ ಆಟ. ಅಲ್ಲಿ ಹೆಸರಿಗಿಂತ ದಾರಿ ಮುಖ್ಯ. ‘ಇಲ್ಲಿಂದ ಅಲ್ಲಿಗೆ ಹೋಗುವ ದಾರಿ ಬರೆಯಿರಿ’ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕಕ್ಕಡ 18ರಂದು ಮದ್ದು ಸೊಪ್ಪಿನ ಪಾಯಸ ತಿಂದವರ ಮೂತ್ರ ಕೆಂಪಾಗುತ್ತದಲ್ಲ, ಆ ಬಣ್ಣ ಹೋದ ದಾರಿಯನ್ನೇ ಬರೆದು ನೋಡಿ. ಸಣ್ಣ ಕರುಳಿನ ಲೋಮನಾಳಗಳಿಂದ ಪೋರ್ಟಲ್ ಅಭಿಧಮನಿ, ಯಕೃತ್ತು, ಯಕೃತ್ತಿನ ಅಭಿಧಮನಿ, ಕೆಳ ಮಹಾಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸ ಅಪಧಮನಿ, ಶ್ವಾಸಕೋಶ, ಪುಪ್ಪುಸ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮೂತ್ರಪಿಂಡದ ಅಪಧಮನಿ, ರಕ್ತ ಸೋಸುವ ಗ್ಲೋಮೆರುಲಸ್, ನೆಫ್ರಾನಿನ ನಳಿಗೆ, ಮೂತ್ರನಾಳ, ಮೂತ್ರಕೋಶ. ಜನ ಬಿಟ್ಟುಬಿಡುವುದು ಎರಡು ಕಡೆ: ಕರುಳಿನಿಂದ ನೇರ ಹೃದಯಕ್ಕೆ ಹಾರುತ್ತಾರೆ, ಯಕೃತ್ತು ಮರೆಯುತ್ತಾರೆ, ಬಲದಿಂದ ಎಡಕ್ಕೆ ಹಾರುತ್ತಾರೆ, ಶ್ವಾಸಕೋಶ ಮರೆಯುತ್ತಾರೆ. ಅದು ಬಣ್ಣವೋ ರಕ್ತವೋ ಎಂದು ತಿಳಿಯಲು ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ರಕ್ತಕಣಗಳಾದರೆ ತಳಕ್ಕಿಳಿದು ಮೇಲಿನದು ತಿಳಿಯಾಗುತ್ತದೆ, ಕರಗಿದ ಬಣ್ಣ ಹಾಗೇ ಉಳಿಯುತ್ತದೆ. ಲೆಕ್ಕವೂ ಇಲ್ಲೇ ಬರುತ್ತದೆ: ಮೂತ್ರಪಿಂಡಗಳು ನಿಮಿಷಕ್ಕೆ 125 ಮಿ.ಲೀ. ಸೋಸಿದರೆ ದಿನಕ್ಕೆ 180 ಲೀಟರ್, ಹೊರಬರುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದೆಲ್ಲ ಎಲ್ಲಿ, ಹೇಗೆ ವಾಪಸು ಹೋಯಿತು ಎಂಬುದೇ ಆ ಅಧ್ಯಾಯ.

ಲ್ಯಾಬಿನಲ್ಲಿ ಬಿಪಿ ಅಳೆಯುವಾಗ ಪಟ್ಟಿ ಕಟ್ಟುವುದು ‘ಆರ್ಮ್’ಗೆ, ಅಂದರೆ ತೋಳಿಗೆ, ಸ್ವೆಟರಿನ ಮೇಲಲ್ಲ. ತೋಳು ಹೃದಯದ ಮಟ್ಟದಲ್ಲಿರಲಿ. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಗಾಳಿಯನ್ನು ಸೆಕೆಂಡಿಗೆ 2-3 ಮಿ.ಮೀ.ನಂತೆ ಇಳಿಸಿ, ಸ್ಟೆತಸ್ಕೋಪಿನಲ್ಲಿ ಕೇಳುವ ಮೊದಲ ಸದ್ದು ಮೇಲಿನ ಅಂಕಿ, ಸದ್ದು ಅಡಗಿದ್ದು ಕೆಳಗಿನದು.

ಕೊನೆಗೆ ಲಗೇಜಿನ ವಿಷಯ. ಎಂಬಿಬಿಎಸ್ ಓದಿದ ನೆಂಟರು ತಮ್ಮ ಹಳೆಯ ಬೋನ್ ಸೆಟ್ ಪ್ರೀತಿಯಿಂದ ಕೊಟ್ಟರೂ ಸೂಟ್‌ಕೇಸಿಗೆ ಹಾಕಬೇಡಿ. ಮನುಷ್ಯರ ಮೂಳೆಗಳ ರಫ್ತನ್ನು ಭಾರತ 1985ರಲ್ಲೇ ನಿಷೇಧಿಸಿದೆ. ಅದನ್ನು ಊರಲ್ಲೇ ಎರಡು ವಾರ ಇಟ್ಟುಕೊಂಡು, ಕಣ್ಣು ಮುಚ್ಚಿ ಮುಟ್ಟಿಯೇ ಫೀಮರ್ ಎಡದ್ದೋ ಬಲದ್ದೋ ಹೇಳಲು ಬಂದ ಮೇಲೆ ಹಿಂದಿರುಗಿಸಿ: ಗುಂಡಗಿನ ತಲೆ ಒಳಮುಖಕ್ಕೆ, ಉದ್ದದ ಏಣು ಹಿಂದಕ್ಕೆ.