ಎರಡು ಕಾಲೆತ್ತಿದ ಕುದುರೆ

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿದೆ. "ಹಾಗಾದ್ರೆ ಅವರು ಯಾವ ಯುದ್ಧದಲ್ಲಿ ಸತ್ತದ್ದು ಸರ್?"

ಮಂಗಳೂರಿನ ಕದ್ರಿಯಲ್ಲಿ ಮಕ್ಕಳ ಕ್ವಿಜ್ ಇತ್ತು. ಕ್ವಿಜ್ ಮಾಸ್ಟರ್ ನಾನೇ. ಪರದೆಯ ಮೇಲೆ ಕರಾಕಸ್‌ನ ಸಿಮೊನ್ ಬೊಲಿವರ್ ಪ್ರತಿಮೆ ಹಾಕಿದ್ದೆ. ವೆನೆಜುವೆಲಾವನ್ನು ಸ್ಪೇನಿನಿಂದ ಬಿಡಿಸಿದವರು. 1874ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ, ಕುದುರೆ ಮುಂಗಾಲು ಎರಡನ್ನೂ ಎತ್ತಿದೆ. "ಕುದುರೆ ನೋಡಿ ಹೇಳಿ, ಸವಾರ ಹೇಗೆ ಸತ್ತರು?" ಎರಡು ಕಾಲು ಎತ್ತಿದ್ದರೆ ಯುದ್ಧದಲ್ಲಿ, ಒಂದು ಎತ್ತಿದ್ದರೆ ಗಾಯದಿಂದ, ನಾಲ್ಕೂ ನೆಲದಲ್ಲಿದ್ದರೆ ಸಹಜ ಸಾವು. ವಾಟ್ಸಾಪಿನಲ್ಲಿ ಎಷ್ಟು ಸಲ ಬಂದಿಲ್ಲ ಇದು!

ಎಂಟನೇ ಕ್ಲಾಸಿನ ಹುಡುಗಿ "ಕಾಯಿಲೆಯಿಂದ" ಅಂದಳು. ನಾನು ತಪ್ಪು ಅಂದೆ. ಆಗ ಅವಳು ಕೇಳಿದ್ದು ಆ ಮಾತು. ಜಗಳಕ್ಕಲ್ಲ, ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ. ನನ್ನ ಬಾಯಿಗೆ ಯಾವ ಯುದ್ಧವೂ ಬರಲಿಲ್ಲ. "ಮುಂದಿನ ಪ್ರಶ್ನೆ" ಅಂದೆ. ಒಂದೇ ಪ್ರಶ್ನೆಯಲ್ಲಿ ಅವಳ ತಂಡ ಸೋತಿತು.

ರಾತ್ರಿ ಹುಡುಕಿದೆ. ಬೊಲಿವರ್ ಸತ್ತದ್ದು 1830ರ ಡಿಸೆಂಬರ್ 17ರಂದು, ಕೊಲಂಬಿಯಾದ ಸಾಂತಾ ಮಾರ್ತಾ ಹತ್ತಿರದ ಒಂದು ತೋಟದ ಮನೆಯಲ್ಲಿ. ವಯಸ್ಸು 47. ಕ್ಷಯ ಅಂದಿದ್ದರು ಆಗಿನ ಡಾಕ್ಟರು. ಕುದುರೆ ಕಾಲಿನ ನಿಯಮ ಅಂತ ಒಂದು ಇಲ್ಲವೇ ಇಲ್ಲ. ಕಾಲು ಎತ್ತಿಸುವುದು ಶಿಲ್ಪಿಯ ಇಷ್ಟ, ಅಷ್ಟು ಭಾರವನ್ನು ಹಿಂಗಾಲಿನ ಮೇಲೆ ನಿಲ್ಲಿಸುವುದು ಅವನ ಕಸುಬು. ಚೆನ್ನೈಯಲ್ಲಿ ಥಾಮಸ್ ಮನ್ರೋ ಕುದುರೆ ನಾಲ್ಕೂ ಕಾಲು ಊರಿ ನಿಂತಿದೆ. ಟಿಪ್ಪು ಸತ್ತ ಮೇಲೆ ನಮ್ಮ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದಿದ್ದ ಅದೇ ಮನ್ರೋ, 1827ರಲ್ಲಿ ಕಾಲರಾದಿಂದ ಸತ್ತರು. ಹೀಗೆ ಸುಮ್ನೆ ಒಂದು ತಾಳೆಯಾದರೆ ಸಾಕು, ನನ್ನಂಥವರು ನಂಬಿಬಿಡುತ್ತೇವೆ.

ಸಂಘಟಕರಿಗೆ ಫೋನ್ ಮಾಡಿದೆ. "ಬಿಡಿ ಮಾರಾಯ್ರೆ, ಮಕ್ಕಳ ಕ್ವಿಜ್ ಅಲ್ವಾ? ಕಪ್ ಕೊಟ್ಟಾಯ್ತು." ಒಳ್ಳೆಯ ಮನುಷ್ಯ. ಆದರೆ ಊಟದ ಲೆಕ್ಕ ಬಿಟ್ಟರೆ ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ.

ಮಂಗಳವಾರ ಬಾವುಟಗುಡ್ಡೆಯಲ್ಲಿ ಸ್ಕೂಟರ್ ನಿಲ್ಲಿಸಿದೆ. 1837ರಲ್ಲಿ ಸುಳ್ಯದ ಕಡೆಯಿಂದ ಬಂದ ರೈತರು ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಜಾಗ. ಆ ರೈತರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಲ್ಲಿಗೆ ಬಂದದ್ದು 2022ರಲ್ಲಿ. ಇದೇ ಊರಲ್ಲಿ ಓದಿದ ನನಗೆ ಅವರ ಹೆಸರು ಗೊತ್ತಾದದ್ದೂ ಆಮೇಲೆಯೇ. ನನ್ನ ಪ್ರಶ್ನೆಗಳಲ್ಲಿ ಕರಾಕಸ್ ಇತ್ತು, ಈ ಗುಡ್ಡೆ ಇರಲಿಲ್ಲ.

ಅಲ್ಲೇ ನಿಂತು ಹುಡುಗಿಯ ಟೀಚರಿಗೆ ಮೆಸೇಜ್ ಹಾಕಿದೆ: "ಅವಳದ್ದೇ ಸರಿ, ತಪ್ಪು ನನ್ನದು. ದಯವಿಟ್ಟು ಕ್ಲಾಸಿನಲ್ಲಿ ಎಲ್ಲರೆದುರು ಹೇಳಿ."

ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.