ವಿಜಯಪುರ ಪ್ರವಾಸ: ಮೊದಲ ದಿನವೇ ಗೋಳಗುಮ್ಮಟ ಹತ್ತಬೇಡಿ

ಕಾಲೇಜು ಮಕ್ಕಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ ನಾನು ಹೇಳುವ ಮೊದಲ ಮಾತು ಇದೇ. ರೈಲು ಇಳಿದ ದಿನ ಗೋಳಗುಮ್ಮಟಕ್ಕೆ ಹೋಗಬೇಡಿ. ಅದನ್ನು ಮರುದಿನ ಬೆಳಗಿಗೆ ಇಟ್ಟುಕೊಳ್ಳಿ. ಮೊದಲ ದಿನ ಊರಿನ ಪಶ್ಚಿಮದ ಕಡೆ ನೋಡಿ ಮುಗಿಸಿ.

ನಾವು ಹೋಗಿದ್ದು ತುಮಕೂರಿನಿಂದ, ಡಿಸೆಂಬರ್‌ನಲ್ಲಿ. ಇತಿಹಾಸ ಓದುವ ಬಿಎ ಮಕ್ಕಳು ನಲವತ್ತರ ಹತ್ತಿರ ಇದ್ದರು. ಹತ್ತಿದ್ದು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್. ಮೈಸೂರು, ಬೆಂಗಳೂರಿನಿಂದ ಬಂದು ಹುಬ್ಬಳ್ಳಿ, ಗದಗ, ಬಾಗಲಕೋಟೆ ಸುತ್ತಿಕೊಂಡು ಹೋಗುವ ರೈಲು ಅದು. ಬಸ್ಸಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಆದರೂ ಇಷ್ಟು ಮಕ್ಕಳಿದ್ದಾಗ ರೈಲೇ ವಾಸಿ. ರಾತ್ರಿ ಮಲಗುತ್ತಾರೆ, ಬೆಳಿಗ್ಗೆ ಎದ್ದು ಓಡಾಡುತ್ತಾರೆ. ಶೈಕ್ಷಣಿಕ ಪ್ರವಾಸಕ್ಕೆ ರೈಲ್ವೆಯ ರಿಯಾಯಿತಿ ಇದೆ. ಪ್ರಾಂಶುಪಾಲರ ಸಹಿ, ಮೊಹರು ಇರುವ ಪತ್ರ ಮತ್ತು ಮಕ್ಕಳ ಪಟ್ಟಿ ಹಿಡಿದುಕೊಂಡು ಮೊದಲೇ ಸ್ಟೇಷನ್ನಿಗೆ ಹೋಗಿ ಕೇಳಿ. ಮೊಬೈಲಿನಲ್ಲಿ ಟಿಕೆಟ್ ಮಾಡಿಸಿದರೆ ಅದು ಸಿಗುವುದಿಲ್ಲ.

ಬಾಗಲಕೋಟೆ ದಾಟಿದ ಮೇಲೆ ಎಲ್ಲರನ್ನೂ ಎಬ್ಬಿಸಿ. ಸೀತಿಮನಿ ಕಳೆದ ಕೂಡಲೇ ಕೃಷ್ಣಾ ನದಿಯ ಸೇತುವೆ ಬರುತ್ತದೆ, ಆಮೇಲೆ ಆಲಮಟ್ಟಿ. ಅಲ್ಲಿಂದ ಮುಂದೆ ಎರಡೂ ಕಡೆ ಕಪ್ಪು ಎರೆಮಣ್ಣು, ಜೋಳದ ಹೊಲ, ತೊಗರಿ. ತೆಂಗಿನ ತೋಟದ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇಷ್ಟು ದೂರ ಕಣ್ಣು ಹಾಯುವ ಬಯಲು ಹೊಸದು. ಬಸವನ ಬಾಗೇವಾಡಿ ರೋಡ್ ಅನ್ನುವ ಬೋರ್ಡು ಕಂಡಾಗ ಒಬ್ಬ ಹುಡುಗ, "ಮೇಡಂ, ಬಸವಣ್ಣ ಹುಟ್ಟಿದ ಊರಾ?" ಅಂತ ಕಿಟಕಿಗೆ ಮುಖ ಒತ್ತಿಕೊಂಡ. ಪಾಠ ಅಲ್ಲಿಂದಲೇ ಶುರುವಾಯಿತು.

ಸ್ಟೇಷನ್ನಿನಲ್ಲಿ ಇಳಿದರೆ ಗುಮ್ಮಟ ಹತ್ತಿರದಲ್ಲೇ ಕಾಣುತ್ತದೆ. ಮಕ್ಕಳು ಹಟ ಹಿಡಿಯುವುದು ಆಗಲೇ. "ಅಲ್ಲೇ ಇದೆಯಲ್ಲ ಮೇಡಂ, ನೋಡಿಕೊಂಡೇ ಹೋಗೋಣ" ಅಂದರು. ಒಪ್ಪಬೇಡಿ. ನಿದ್ದೆಗಣ್ಣು, ಹೆಗಲ ಮೇಲೆ ಬ್ಯಾಗು, ಹೊಟ್ಟೆಯಲ್ಲಿ ಏನೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ನೀವು ಹೋಗುವ ಹೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತಿರುತ್ತವೆ. ಡಿಸೆಂಬರ್, ಜನವರಿಯಲ್ಲಂತೂ ಕೇಳುವುದೇ ಬೇಡ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಕೂಗು ಹಾಕಿದರೆ ಏಳೆಂಟು ಸಲ ಮರುದನಿ ಬರುತ್ತದೆ. ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಬರೀ ಗದ್ದಲ. ಆ ಜಾಗ ಯಾಕೆ ಹೆಸರಾಗಿದೆ ಅಂತ ಗೊತ್ತೇ ಆಗುವುದಿಲ್ಲ.

ನಾವು ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ನಿಂತಿದ್ದೆವು. ಮೊದಲು ಕೆಳಗಿನ ಸಭಾಂಗಣದಲ್ಲಿ ನಿಲ್ಲಿಸಿ ತಲೆ ಎತ್ತಿ ನೋಡಲು ಹೇಳಿದೆ. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಆ ಗುಮ್ಮಟದ ಭಾರ ಹೊತ್ತಿವೆ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಸಮಾಧಿ ಇದು. ಕಟ್ಟೆಯ ಮೇಲೆ ಕಾಣುವುದು ಗುರುತಿನ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಆಮೇಲೆ ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ ಏಳು ಅಂತಸ್ತು ಮೇಲೆ ಹೋದೆವು. ಒಬ್ಬ ಹುಡುಗಿ ಗೋಡೆಗೆ ಮುಖ ಮಾಡಿ ಒಂದು ಚೂರು ಕಾಗದ ಹರಿದಳು. ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಯಿಟ್ಟ ನನಗೆ ಅದರ ಪರ್ ಅನ್ನುವ ಸದ್ದು ಪಕ್ಕದಲ್ಲೇ ಹರಿದಂತೆ ಕೇಳಿಸಿತು. ಆಮೇಲೆ ಅವಳು ತುಂಬಾ ಮೆಲ್ಲಗೆ, "ಮೇಡಂ, ಕೇಳಿಸ್ತಾ?" ಅಂದಳು. ಹತ್ತು ಗಂಟೆಯ ಗದ್ದಲದಲ್ಲಿ ಇದು ಆಗುತ್ತಿರಲಿಲ್ಲ.

ಈಗ ಮೊದಲ ದಿನಕ್ಕೆ ಬರೋಣ. ಲಾಡ್ಜು ಸ್ಟೇಷನ್ ಕಡೆಗೇ ಇರಲಿ. ಬೆಳಿಗ್ಗೆ ಬರುತ್ತೇವೆ, ಬಂದ ಕೂಡಲೇ ರೂಮು ಬೇಕು ಅಂತ ಬಿಡಿಸಿ ಹೇಳಿ, ಬರೆಸಿಕೊಳ್ಳಿ. ನಾವು ಹೇಳಿದ್ದರೂ ರೂಮು ಖಾಲಿಯಾಗಿರಲಿಲ್ಲ. ಮಕ್ಕಳೆಲ್ಲ ಹಜಾರದಲ್ಲಿ ಬ್ಯಾಗಿನ ಮೇಲೆ ಕೂತು ಕಾಯಬೇಕಾಯಿತು. ಹೆಣ್ಣುಮಕ್ಕಳಿಗಂತೂ ತುಂಬಾ ತೊಂದರೆ ಆಯಿತು. ಎಲ್ಲ ರೂಮು ಸಿಗದಿದ್ದರೂ ಎರಡು ರೂಮಾದರೂ ಮೊದಲೇ ಕೊಡಿ ಅಂತ ಕೇಳಿ. ತಿಂಡಿ ಮುಗಿಸಿ ಹೊರಟುಬಿಡಿ. ತಿಂಡಿಗೆ ಸುಸಲಾ ಕೊಡಿಸಿ. ನೆನೆಸಿದ ಚುನಮರಿಗೆ, ಅಂದರೆ ಮಂಡಕ್ಕಿಗೆ, ಒಗ್ಗರಣೆ ಹಾಕಿದ್ದು ಅದು. ಹೊಟ್ಟೆಗೆ ಹಗುರ.

ಮೊದಲು ಇಬ್ರಾಹಿಂ ರೋಜಾ. ಗೋಳಗುಮ್ಮಟ ಊರಿನ ಒಂದು ತುದಿಯಾದರೆ ಇದು ಇನ್ನೊಂದು ತುದಿ. ನನ್ನನ್ನು ಕೇಳಿದರೆ ಇಡೀ ವಿಜಯಪುರದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು. ಜನ ಕಡಿಮೆ, ನೆರಳಿದೆ, ಕೂತು ಮಾತಾಡಬಹುದು. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಿಸಲು ಹೊರಟಿದ್ದು, ಆದರೆ 1627ರಲ್ಲಿ ಅವನೇ ಮೊದಲು ತೀರಿಕೊಂಡ. ಸಂಗೀತ ಅಂದರೆ ಪ್ರಾಣ ಬಿಡುತ್ತಿದ್ದ ಈ ಸುಲ್ತಾನನನ್ನು ಜನ ಜಗದ್ಗುರು ಬಾದಶಹ ಅಂತ ಕರೆಯುತ್ತಿದ್ದರು. ಮಸೀದಿಯ ಸೂರಿನಲ್ಲಿ ಕಲ್ಲಿನ ಸರಪಳಿ ನೇತಾಡುತ್ತದೆ, ಅದನ್ನು ಮಕ್ಕಳೇ ಹುಡುಕಲಿ ಬಿಡಿ. ಸಮಾಧಿಯ ಕಿಟಕಿಗಳನ್ನು ಒಳಗಿನಿಂದ ನೋಡಿ. ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರ ಮಾಡಿದ್ದಾರೆ. ಬೆಳಕು ಬರುವುದು ಆ ಅಕ್ಷರಗಳ ಸಂದಿಯಿಂದ.

ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಹೇಳಬೇಕಾದದ್ದೂ ಇಲ್ಲೇ. ಗೋಡೆಯ ಮೇಲೆ ಹೆಸರು ಕೆತ್ತುವುದು, ಬರೆಯುವುದು ಕೂಡದು. ಈ ಊರಿನ ಎಷ್ಟೋ ಗೋಡೆಗಳಲ್ಲಿ ಮೊಳೆಯಿಂದ ಗೀಚಿದ ಹೆಸರುಗಳಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಶಿಕ್ಷೆ ಇದೆ ಅನ್ನುವುದನ್ನೂ ತಿಳಿಸಿ. ಆ ಕಿಟಕಿಯ ಮುಂದೆ ನಿಂತು ಹೇಳಿದರೆ ಅವರಿಗೇ ಅರ್ಥವಾಗುತ್ತದೆ.

ಮಧ್ಯಾಹ್ನ ಖಾನಾವಳಿ. ಇಷ್ಟು ಜನ ಬರುತ್ತೇವೆ ಅಂತ ಬೆಳಿಗ್ಗೆಯೇ ಹೇಳಿಡಿ. ರೊಟ್ಟಿ ಕೈಯಲ್ಲಿ ತಟ್ಟಿ ಬೇಯಿಸುವುದು, ಹೋದ ತಕ್ಷಣ ನಲವತ್ತು ಜನಕ್ಕೆ ಆಗುವುದಿಲ್ಲ. ನಮ್ಮ ಖಾನಾವಳಿಯ ಅಮ್ಮ ಒಲೆ ಮುಂದೆ ಕೂತು, ಹಿಟ್ಟಿನ ಉಂಡೆಯನ್ನು ತಿರುಗಿಸುತ್ತಾ ತಟ್ಟುತ್ತಾ ಅಂಗೈಗಿಂತ ದೊಡ್ಡದು, ತಟ್ಟೆಗಿಂತ ದೊಡ್ಡದು ಮಾಡಿ, ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದರು. ಮಕ್ಕಳು ಊಟ ಬಿಟ್ಟು ಅದನ್ನೇ ನೋಡುತ್ತಿದ್ದರು. "ತಣ್ಣಗಾಗತದ, ಉಣ್ರಿ ಮೊದ್ಲ" ಅಂತ ಅವರೇ ಗದರಿದರು. ಎಣ್ಣೆಗಾಯಿ, ಶೇಂಗಾ ಚಟ್ನಿ ಖಾರ ಇರುತ್ತವೆ, ಮೊಸರು ಜಾಸ್ತಿ ಹಾಕಿಸಿಕೊಳ್ಳಿ. ಊಟದ ಮೇಲೆ ಮೂರೂವರೆ ತನಕ ಲಾಡ್ಜಿನಲ್ಲಿ ಮಲಗಿಸಿ. ಡಿಸೆಂಬರ್ ಆದರೂ ಮಧ್ಯಾಹ್ನದ ಬಿಸಿಲು ಚುರುಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಸಂಜೆಗೆ ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ಬಾರಾಕಮಾನು ಸಾಕು. ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದರ ಬಾಯಿಯ ಮುಂದೆ ಮಕ್ಕಳನ್ನು ನಿಲ್ಲಿಸಿ. ಬಾಯಿ ತೆರೆದ ಸಿಂಹ, ಅದರ ಹಲ್ಲುಗಳ ನಡುವೆ ಸಿಕ್ಕಿಕೊಂಡ ಆನೆ. ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗುತ್ತವೆ. ಹತ್ತುವಾಗ ತಳ್ಳಾಟ ಬೇಡ. ಮೇಲಿನಿಂದ ಊರೆಲ್ಲ ಕಾಣುತ್ತದೆ, ದೂರದಲ್ಲಿ ಗೋಳಗುಮ್ಮಟವೂ. ಎರಡನೇ ಅಲಿ ಆದಿಲ್‌ಶಾಹನ ಅರ್ಧಕ್ಕೆ ನಿಂತ ಸಮಾಧಿ ಬಾರಾಕಮಾನಿಗೆ ಹೊತ್ತು ಮುಳುಗುವ ಮೊದಲು ಹೋಗಿ. ಆಸರ್ ಮಹಲ್, ಜುಮ್ಮಾ ಮಸೀದಿ, ತಾಜ್ ಬಾವಡಿ ಎಲ್ಲವನ್ನೂ ಅದೇ ದಿನ ಸೇರಿಸಲು ಹೋಗಬೇಡಿ. ಮಕ್ಕಳು ಸುಮ್ನೆ ಫೋಟೋ ಹೊಡೆದು ಬಸ್ಸು ಹತ್ತುತ್ತಾರೆ, ಅಷ್ಟೇ.

ಗೋಳಗುಮ್ಮಟದ ಮುಂದೆ ನಗಾರಖಾನೆಯಲ್ಲಿರುವ ಮ್ಯೂಸಿಯಂಗೆ ಶುಕ್ರವಾರ ರಜೆ. ನಿಮ್ಮ ಎರಡನೇ ದಿನ ಶುಕ್ರವಾರ ಬಾರದ ಹಾಗೆ ಟಿಕೆಟ್ ಮಾಡಿಸಿ. ಹದಿನೈದು ವರ್ಷದ ಒಳಗಿನವರಿಗೆ ಸ್ಮಾರಕಗಳಲ್ಲಿ ಪ್ರವೇಶ ಶುಲ್ಕ ಇಲ್ಲ, ಹೈಸ್ಕೂಲು ಮಕ್ಕಳಿದ್ದರೆ ವಯಸ್ಸಿನ ದಾಖಲೆ ಜೊತೆಗಿರಲಿ.

ರಾತ್ರಿ ಗಾಂಧಿ ಚೌಕದ ಕಡೆ ಮಿರ್ಚಿ ಭಜ್ಜಿ ತಿನ್ನಿಸಿ, ಒಣದ್ರಾಕ್ಷಿ ಕೊಳ್ಳುವವರು ಕೊಳ್ಳಲಿ, ಒಂಬತ್ತಕ್ಕೆ ಹಾಜರಿ ತೆಗೆದುಕೊಂಡು ಮಲಗಿಸಿ. ಬೆಳಿಗ್ಗೆ ಐದಕ್ಕೆ ಏಳಬೇಕು. ಲಾಡ್ಜು ಸ್ಟೇಷನ್ ಕಡೆ ಇದ್ದರೆ ಗುಮ್ಮಟಕ್ಕೆ ನಡೆದೇ ಹೋಗಬಹುದು. ದೂರ ಇದ್ದರೆ ಆಟೋದವರಿಗೆ ಹಿಂದಿನ ರಾತ್ರಿಯೇ ಹೇಳಿಟ್ಟು ಬಾಡಿಗೆ ಮಾತಾಡಿಕೊಳ್ಳಿ. ಬೆಳಿಗ್ಗೆ ಐದೂವರೆಗೆ ನಲವತ್ತು ಜನಕ್ಕೆ ಗಾಡಿ ಸಿಗುವುದಿಲ್ಲ.